ಕಾಟಾ ಚೀಟಿ ಓದಿ ಗಾಡಿ ತೆಗಿ, ತಮ್ಮಾ

ಹೆವಿ ಲೈಸೆನ್ಸ್ ಕೈಗೆ ಬಂತು, ಹತ್ತು ಗಾಲಿಯ ಲಾರಿ ಹತ್ತಿದ್ದೀ ಎಂದು ನಿಮ್ಮವ್ವ ಫೋನ್ ಮಾಡಿ ಹೇಳಿದಳು. ಅವಳ ದನಿಯಲ್ಲಿ ಸಂತೋಷವೂ ಇತ್ತು, ಅಂಜಿಕೆಯೂ ಇತ್ತು. ಸಂತೋಷ ನನಗೂ ಆಯಿತು. ಇದೇ ವಿಜಯಪುರ–ಟಿಕೋಟಾ–ಅಥಣಿ ದಾರಿಯಲ್ಲಿ, ಇದೇ ಬಬಲೇಶ್ವರ–ಗಲಗಲಿ ದಾರಿಯಲ್ಲಿ ಗಾಡಿ ಹೊಡೆದೇ ನಾನು ಮನೆ ಕಟ್ಟಿದೆ, ಮಕ್ಕಳನ್ನು ಓದಿಸಿದೆ. ಈ ಕಸುಬಿನ ಮೇಲೆ ಈಗಲೂ ನನಗೆ ಅಭಿಮಾನವಿದೆ. ನಿಮ್ಮವ್ವನ ಅಂಜಿಕೆ ಬಗ್ಗೆ ಮಾತ್ರ ನಿನ್ನ ಜೊತೆ ಮಾತಾಡಬೇಕು. ಗೇರು, ಕ್ಲಚ್ಚು, ರಿವರ್ಸು ಎಲ್ಲ ನಿನಗೆ ಬರುತ್ತದೆ, ಅದನ್ನು ನಾನು ಕಲಿಸಬೇಕಾಗಿಲ್ಲ. ನಾನು ಹೇಳುವುದು ಗಾಡಿ ಹೊರಡುವ ಮುಂಚಿನ ಮಾತು. ಎಷ್ಟು ಹೊರೆ ಇದೆ ಎಂದು ತಿಳಿಯದೆ ಗಾಡಿ ತೆಗೆಯಬೇಡ. ತಿಳಿದ ಮೇಲೆ, ಹೆಚ್ಚಿದ್ದರೆ, ಇಳಿಸದೆ ತೆಗೆಯಬೇಡ.

ನಾನು ಸ್ಟೇರಿಂಗ್ ಹಿಡಿದ ಕಾಲಕ್ಕೆ ಟಿಕೋಟಾ ಕಡೆ ಒಣ ಬೇಸಾಯವೇ ಹೆಚ್ಚು. ಜೋಳ, ತೊಗರಿ, ಕಡಲೆಯ ಚೀಲ ಹೇರಿಕೊಂಡು ವಿಜಯಪುರದ ಎಪಿಎಂಸಿಗೆ ಬಂದರೆ ಅದೇ ದೊಡ್ಡ ಲೋಡು. ಆಮೇಲೆ ಕೆರೆ ತುಂಬಿಸಿದರು, ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಹರಿಸಿದರು. ದ್ರಾಕ್ಷಿ ಪಡಗಳು ಎದ್ದವು, ಒಣದ್ರಾಕ್ಷಿಯ ಶೆಡ್‌ಗಳು ಎದ್ದವು, ಬಬಲೇಶ್ವರದ ಕಡೆ ಕಬ್ಬು ಹಬ್ಬಿತು. ಟಿಕೋಟಾ, ಬಬಲೇಶ್ವರ ಎರಡೂ ಈಗ ತಾಲ್ಲೂಕು ಕೇಂದ್ರಗಳು. ಮನೆ, ಮಳಿಗೆ, ಕಚೇರಿ ಕಟ್ಟುವ ಕೆಲಸ ನಿಲ್ಲುವುದೇ ಇಲ್ಲ, ಹಾಗಾಗಿ ಖಡಿ, ಉಸುಕು, ಸಿಮೆಂಟ್, ಕಬ್ಬಿಣದ ಗಾಡಿಗಳೂ ನಿಲ್ಲುವುದಿಲ್ಲ. ನೀರು ಬಂದದ್ದು, ಬೆಳೆ ಬಂದದ್ದು, ಕೆಲಸ ಬಂದದ್ದು ನಮ್ಮ ಭಾಗದ ಪುಣ್ಯ. ಆದರೆ ಆ ಬೆಳೆಯ ಭಾರವೆಲ್ಲ ಕೊನೆಗೆ ನಿನ್ನಂಥ ಹುಡುಗರ ಗಾಡಿಯ ಮೇಲೆಯೇ ಕೂರುತ್ತದೆ.

ಮೊದಲು ಆರ್‌ಸಿ ತೆಗೆದು ನೋಡು. ಅದರಲ್ಲಿ ಖಾಲಿ ತೂಕ ಎಷ್ಟು, ಲೋಡ್ ಸಮೇತ ಒಟ್ಟು ತೂಕ ಎಷ್ಟಿರಬಹುದು ಎಂಬ ಎರಡು ಅಂಕಿಗಳಿವೆ. ಎರಡನೆಯದರಲ್ಲಿ ಮೊದಲನೆಯದನ್ನು ಕಳೆದರೆ ನಿನ್ನ ಗಾಡಿಗೆ ಹಾಕಬಹುದಾದ ಮಾಲು ಎಷ್ಟೆಂದು ಸಿಗುತ್ತದೆ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಈ ಮಿತಿಯನ್ನು ಏರಿಸಿತು. ಆರು ಗಾಲಿಯ ಲಾರಿಗೆ 16.2 ಟನ್ ಇದ್ದದ್ದು 18.5 ಆಯಿತು, ಹತ್ತು ಗಾಲಿಗೆ 25 ಇದ್ದದ್ದು 28.5 ಆಯಿತು. ಹಳೆಯ ಗಾಡಿಯಾದರೆ ಅದರ ಆರ್‌ಸಿಯಲ್ಲಿ ಏನು ಬರೆದಿದೆಯೋ ಅಷ್ಟೇ. ಮಿತಿ ಏರಿದಾಗ ನಮ್ಮಂಥವರು, ಇನ್ನಾದರೂ ಓವರ್‌ಲೋಡ್ ನಿಂತೀತು ಎಂದುಕೊಂಡೆವು. ನಿಲ್ಲಲಿಲ್ಲ. ಹೊಸ ಮಿತಿಯ ಮೇಲೆಯೇ ಮತ್ತೆ ಹೇರತೊಡಗಿದರು. ಆಸೆಗೆ ಕೊಟ್ಟಷ್ಟೂ ಸಾಲದು.

ಲೆಕ್ಕ ಹಾಕಿ ತೋರಿಸುತ್ತೇನೆ, ಕೇಳು. ಉಸುಕು, ಖಡಿ ನಮ್ಮಲ್ಲಿ ಬ್ರಾಸ್ ಲೆಕ್ಕದಲ್ಲಿ ಹೋಗುತ್ತದೆ. ಒಂದು ಬ್ರಾಸ್ ಅಂದರೆ ನೂರು ಘನ ಅಡಿ. ಒಣ ಉಸುಕಾದರೆ ಅದು ಸುಮಾರು ನಾಲ್ಕೂವರೆ ಟನ್ ತೂಗುತ್ತದೆ, ಹಸಿ ಉಸುಕಾದರೆ ಇನ್ನೂ ಹೆಚ್ಚು. 28.5 ಟನ್ ಮಿತಿಯ ಟಿಪ್ಪರ್ ಖಾಲಿಯಿದ್ದಾಗಲೇ ಹನ್ನೊಂದೋ ಹನ್ನೆರಡೋ ಟನ್ ಇರುತ್ತದೆ. ಉಳಿದದ್ದು ಹದಿನೇಳು. ಅಂದರೆ ನಾಲ್ಕು ಬ್ರಾಸ್ ಹಾಕುವ ಮುಂಚೆಯೇ ನಿನ್ನ ಮಿತಿ ಮುಗಿಯಿತು. ಆರು ಬ್ರಾಸ್ ಹಾಕಿದರೆ ಇಪ್ಪತ್ತೇಳು ಟನ್ ಮಾಲು, ಹತ್ತು ಟನ್ ಹೆಚ್ಚು. ಹೊರಗೆ ನಿಂತು ನೋಡಿದವರಿಗೆ ಇದು ಕಾಣಿಸುವುದೂ ಇಲ್ಲ. ಬಾಡಿಯ ಅಂಚು ದಾಟಿರುವುದಿಲ್ಲ, ಮೇಲೆ ತಾಡಪತ್ರಿ ಕಟ್ಟಿರುತ್ತದೆ. ಗೋವಿನಜೋಳ ಬಾಡಿ ತುಂಬ ತುಂಬಿದರೂ ತಡೆಯಬಹುದಾದ ಗಾಡಿ, ಉಸುಕು ಅರ್ಧಕ್ಕೆ ಬಂದಾಗಲೇ ಸಾಕು ಎನ್ನುತ್ತದೆ. ಆದ್ದರಿಂದ ಕಣ್ಣಳತೆಯನ್ನು ನಂಬಬೇಡ, ಹಮಾಲರ ಮಾತನ್ನೂ ನಂಬಬೇಡ. ಕಾಟಾ ಹೊಡೆಸು.

ಕಾಟಾ ಚೀಟಿಯನ್ನು ಎಲ್ಲರೂ ಇಸಿದುಕೊಳ್ಳುತ್ತಾರೆ, ಆದರೆ ಓದುವುದು ಒಂದೇ ಅಂಕಿ. ಚೀಟಿಯಲ್ಲಿ ಗಾಡಿ ನಂಬರ್, ತಾರೀಖು, ವೇಳೆ, ಮಾಲಿನ ಹೆಸರು, ಅದರ ಕೆಳಗೆ ಒಟ್ಟು ತೂಕ, ಖಾಲಿ ತೂಕ, ನಿವ್ವಳ ತೂಕ ಇರುತ್ತವೆ. ಬಾಡಿಗೆ ಟನ್ ಲೆಕ್ಕದ್ದು, ಹಾಗಾಗಿ ಮಾಲೀಕ ನೋಡುವುದು ನಿವ್ವಳ, ಮಾಲಿನವನು ನೋಡುವುದು ನಿವ್ವಳ, ಡ್ರೈವರನೂ ಅದನ್ನೇ ನೋಡಿ ಚೀಟಿ ಮಡಚಿ ಸನ್‌ಶೇಡ್‌ಗೆ ಸಿಕ್ಕಿಸುತ್ತಾನೆ. ನಿನ್ನ ಜೀವದ ಲೆಕ್ಕ ಒಟ್ಟು ತೂಕದಲ್ಲಿದೆ. ಆ ಅಂಕಿಯನ್ನು ಆರ್‌ಸಿಯ ಅಂಕಿಯ ಪಕ್ಕಕ್ಕಿಟ್ಟು ನೋಡು. ಹೆಚ್ಚಿದ್ದರೆ ಮಾಲು ಅಲ್ಲೇ ಇಳಿಸಬೇಕು. ಯಾರ್ಡಿನಲ್ಲಿ ಹಮಾಲರಿದ್ದಾರೆ, ಜಾಗವಿದೆ, ದೀಪವಿದೆ. ನಡುದಾರಿಯಲ್ಲಿ ಇವು ಯಾವುವೂ ಇರುವುದಿಲ್ಲ.

ಸಕ್ಕರೆ ಕಾರ್ಖಾನೆಯ ಕಾಟಾದ ಮುಂದೆ ನಿಂತು ನೋಡಿದ್ದೀಯಾ? ನವೆಂಬರ್‌ನಿಂದ ಮಾರ್ಚ್‌ವರೆಗೆ, ಗಲಗಲಿ ಹತ್ತಿರದ ನಂದಿ ಕಾರ್ಖಾನೆಯಿರಲಿ, ಆಚೆ ಜಮಖಂಡಿ, ಮುಧೋಳದ ಕಾರ್ಖಾನೆಗಳಿರಲಿ, ಸಾಲು ಸಾಲಾಗಿ ಟ್ರ್ಯಾಕ್ಟರ್, ಲಾರಿಗಳು ನಿಂತಿರುತ್ತವೆ. ಅಲ್ಲಿ ರೈತನ ಕಣ್ಣು ತೂಕ ಕಡಿಮೆ ತೋರಿಸಿದರೇನೋ ಎಂಬುದರ ಮೇಲೆ. ಅದು ನ್ಯಾಯವೇ, ಬೆವರು ಸುರಿಸಿ ಬೆಳೆದವನು ಅವನು. ಕಾರ್ಖಾನೆಯ ಕಣ್ಣು ಕಬ್ಬಿನ ಮೇಲೆ. ಈ ಗಾಡಿ ಹೊರಬಹುದಾದ್ದಕ್ಕಿಂತ ಹೆಚ್ಚು ಹೊತ್ತು ಬಂದಿದೆಯೇ ಎಂದು ನೋಡುವ ಕಣ್ಣು ಮಾತ್ರ ಅಲ್ಲಿ ಕಾಣಿಸುವುದಿಲ್ಲ. ಅಷ್ಟು ಕರಾರುವಾಕ್ಕಾದ ಕಾಟಾ ಇದೆ, ಕಿಲೋ ಲೆಕ್ಕದಲ್ಲಿ ಅಂಕಿ ತೋರಿಸುತ್ತದೆ. ಆ ಅಂಕಿಯನ್ನು ಸುರಕ್ಷತೆಗೆಂದು ಒಬ್ಬರೂ ಓದುವುದಿಲ್ಲ. ನನಗೆ ಬಹಳ ನೋವಾಗುವ ಸಂಗತಿ ಇದು.

ಹೆಚ್ಚಿನ ಹೊರೆ ಏನು ಮಾಡುತ್ತದೆ? ಹತ್ತು ಟನ್ ಹೆಚ್ಚಿದರೆ, ಅದೇ ವೇಗದಲ್ಲಿ ಗಾಡಿ ನಿಲ್ಲಿಸಲು ಬ್ರೇಕು ಮೂರನೇ ಒಂದು ಪಾಲು ಹೆಚ್ಚು ದುಡಿಯಬೇಕು. ಬ್ರೇಕ್ ಡ್ರಮ್ಮು, ಲೈನರ್ ಅದಕ್ಕೆ ಮಾಡಿದ್ದಲ್ಲ. ಬಬಲೇಶ್ವರದ ದಾರಿಯಲ್ಲಿ ಸಾರವಾಡದ ಡೋಣಿ ಸೇತುವೆಯ ಕಡೆಗೆ ಬರುವಾಗ ಒಂದೆರಡು ಸಲ ಬ್ರೇಕ್ ಒತ್ತಿದರೆ ಸಾಕು, ಲೈನರ್ ಸುಟ್ಟ ವಾಸನೆ ಕ್ಯಾಬಿನ್‌ಗೆ ಬರುತ್ತದೆ. ಆ ವಾಸನೆ ಬಂದ ಮೇಲೆ ಪೆಡಲ್ ಒತ್ತಿದರೂ ಗಾಡಿ ಹಿಡಿತಕ್ಕೆ ಬರುವುದಿಲ್ಲ. ಇನ್ನು ಹಿಂದಕ್ಕೆ ಭಾರ ಹೆಚ್ಚಾದರೆ ಮುಂದಿನ ಗಾಲಿ ಹಗುರಾಗುತ್ತದೆ, ಸ್ಟೇರಿಂಗ್ ಕೈಯಲ್ಲಿ ತೇಲಿದಂತಾಗುತ್ತದೆ. ನಮ್ಮ ಹಿರಿಯರು ಚಕ್ಕಡಿ ಹೇರುವಾಗ ಎತ್ತಿನ ಹೆಗಲ ಮೇಲೆ ನೊಗ ಹೇಗೆ ಕೂತಿದೆ ಎಂದು ನೋಡಿಯೇ ಇನ್ನೊಂದು ಚೀಲ ಹಾಕುತ್ತಿದ್ದರು. ಎತ್ತು ಕತ್ತು ಕೊಸರಿದರೆ ಚೀಲ ಕೆಳಗಿಳಿಯುತ್ತಿತ್ತು. ಲಾರಿ ಕತ್ತು ಕೊಸರುವುದಿಲ್ಲ, ಆದರೆ ನೋಡುವವನಿಗೆ ಅದೂ ಹೇಳುತ್ತದೆ. ಹಿಂದಿನ ಪಾಟಾ ಬಿಲ್ಲಿನಂತಿರುವುದು ಬಿಟ್ಟು ಚಪ್ಪಟೆಯಾಗಿದ್ದರೆ, ಟೈರಿನ ಬದಿ ಉಬ್ಬಿದ್ದರೆ, ಜೋಡಿ ಟೈರುಗಳು ಒಂದಕ್ಕೊಂದು ತಾಗುವಂತಿದ್ದರೆ, ಕಾಟಾಕ್ಕೆ ಹೋಗುವ ಮುಂಚೆಯೇ ಉತ್ತರ ಸಿಕ್ಕಿತು ಎಂದು ತಿಳಿ.

ನಮ್ಮ ಎರಿ ನೆಲದ ಗುಣವನ್ನೂ ಮರೆಯಬೇಡ. ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಬೆಣ್ಣೆಯಾಗುತ್ತದೆ. ಡಾಂಬರಿನ ಅಂಚಿನಿಂದ ಒಂದು ಗಾಲಿ ಕೆಳಗಿಳಿದರೆ ಸಾಕು. ಎದುರಿನ ಬಸ್ಸಿಗೆ ಸೈಡ್ ಕೊಡಲು ಹೋಗುತ್ತೀ, ಎಡಗಡೆಯ ಗಾಲಿಗಳು ಎರಿಯೊಳಗೆ ಇಳಿಯುತ್ತವೆ, ಎತ್ತರಕ್ಕೆ ಹೇರಿದ ಕಬ್ಬು ವಾಲುತ್ತದೆ, ವಾಲಿದ ಮೇಲೆ ಅದನ್ನು ಹಿಡಿಯುವವರು ಯಾರೂ ಇಲ್ಲ. ಮಿತಿಯೊಳಗಿನ ಲೋಡ್ ಇದ್ದರೆ ಸ್ಟೇರಿಂಗ್ ತಿರುಗಿಸಿ ಮೇಲೆ ಬರುವಷ್ಟು ಅವಕಾಶವಾದರೂ ಇರುತ್ತದೆ.

ದೂರದ ಕಥೆ ಹೇಳುತ್ತಿಲ್ಲ. 2024ರ ಏಪ್ರಿಲ್‌ನಲ್ಲಿ ನಮ್ಮ ಪಕ್ಕದ ಬೀಳಗಿ ತಾಲ್ಲೂಕಿನಲ್ಲಿ, ಹೊಲದ ಕೆಲಸ ಮುಗಿಸಿ ಮನೆಗೆ ಹೊರಟು ರಸ್ತೆ ಬದಿಗೆ ನಿಂತಿದ್ದ ಒಂದೇ ಮನೆಯ ಐದು ಜನರ ಮೇಲೆ ಮಣ್ಣು ತುಂಬಿದ ಟಿಪ್ಪರ್ ಮಗುಚಿತು. ಐವರೂ ಹೋದರು. ಟೈರ್ ಸಿಡಿದು ಗಾಡಿ ಹಿಡಿತ ತಪ್ಪಿತೆಂದು ವರದಿಯಾಯಿತು. ಅದೇ ವರ್ಷ ಡಿಸೆಂಬರ್ 21ರಂದು ನೆಲಮಂಗಲದ ಹತ್ತಿರ ಹೆದ್ದಾರಿಯಲ್ಲಿ ವಿಭಜಕ ದಾಟಿ ಬಂದ ಕಂಟೇನರ್ ಲಾರಿ ಒಂದು ಕಾರಿನ ಮೇಲೆ ಬಿತ್ತು. ಕಾರಿನಲ್ಲಿದ್ದ ಆರು ಜನ ನಮ್ಮ ಗಡಿಯಾಚೆಯ ಜತ್ತ ತಾಲ್ಲೂಕಿನ ತಮ್ಮ ಊರಿಗೆ ಹೊರಟವರು. ಅಷ್ಟು ಗಟ್ಟಿಮುಟ್ಟಾದ ಕಾರೂ ಆ ಭಾರದ ಕೆಳಗೆ ತಗಡಿನಂತಾಯಿತು. ಆ ಗಾಡಿಗಳಲ್ಲಿ ಓವರ್‌ಲೋಡ್ ಇತ್ತೆಂದು ನಾನು ಹೇಳುತ್ತಿಲ್ಲ. ಭಾರ ಅಂದರೆ ಏನು, ಅದು ಹಿಡಿತ ತಪ್ಪಿದರೆ ಎದುರಿಗಿದ್ದವನ ತಪ್ಪು–ಒಪ್ಪು ಯಾವುದೂ ಲೆಕ್ಕಕ್ಕೆ ಬರುವುದಿಲ್ಲ ಎಂಬುದನ್ನು ಹೇಳುತ್ತಿದ್ದೇನೆ. 2022ರ ಒಂದೇ ವರ್ಷ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಇದು ಕೇಂದ್ರ ಸಾರಿಗೆ ಸಚಿವಾಲಯ ಕೊಟ್ಟ ಲೆಕ್ಕ.

ನೀನು ಏನು ಹೇಳುತ್ತೀ ಎಂದು ಗೊತ್ತು. "ಮಾಮಾ, ಎಲ್ಲಾರೂ ಹಂಗ ಒಯ್ತಾರ. ನಾ ಒಬ್ಬಾಂವ ಬ್ಯಾಡ ಅಂದ್ರ ನಾಳಿಂದ ಬ್ಯಾರೇದವನ್ನ ಕರೀತಾರ." ಈ ಮಾತು ಸುಳ್ಳಲ್ಲ. ಮಾಲೀಕನಿಗೆ ಬ್ಯಾಂಕಿನ ಕಂತು ಇದೆ, ಡೀಸೆಲ್ ಇದೆ, ಟೋಲ್ ಇದೆ, ಟೈರಿನ ಬೆಲೆ ನಿನಗೇ ಗೊತ್ತು. ಟನ್ ಲೆಕ್ಕದ ಬಾಡಿಗೆಯಲ್ಲಿ ಹತ್ತು ಟನ್ ಹೆಚ್ಚಿಗೆ ಹಾಕಿದರೆ ಆ ದಿನಕ್ಕೆ ಲಾಭ ಕಾಣುತ್ತದೆ. ಆದರೆ ಮುಂದಿನದನ್ನೂ ಯೋಚಿಸು. ಮೂರು ಗಾಡಿಯ ಮಾಲನ್ನು ಎರಡು ಗಾಡಿ ಹೊತ್ತರೆ ಮೂರನೆಯ ಗಾಡಿ ಎಪಿಎಂಸಿ ಮುಂದೆ ಖಾಲಿ ನಿಲ್ಲುತ್ತದೆ. ಖಾಲಿ ನಿಂತವನು ಬಾಡಿಗೆ ಇಳಿಸಿ ಮಾಲು ಕೇಳುತ್ತಾನೆ. ಬಾಡಿಗೆ ಇಳಿದ ಮೇಲೆ ಮಿತಿಯೊಳಗೆ ಹೊತ್ತವನಿಗೆ ಕಂತು ಕಟ್ಟುವುದು ಆಗುವುದಿಲ್ಲ, ಅವನೂ ಹೇರುತ್ತಾನೆ. ಹೆಚ್ಚಿಗೆ ಹೇರಿದ್ದರಿಂದ ಬಾಡಿಗೆ ಇಳಿಯಿತು, ಬಾಡಿಗೆ ಇಳಿದಿದ್ದರಿಂದ ಹೆಚ್ಚಿಗೆ ಹೇರಬೇಕಾಯಿತು. ಇದರಲ್ಲಿ ಉಳಿತಾಯವಾದದ್ದು ಮಾಲು ಕಳಿಸಿದವನಿಗೆ. ಲಾರಿ ಮಾಲೀಕನ ಪಾಟಾ ಮುರಿಯಿತು, ಟೈರು ಹೋಯಿತು, ಎಕ್ಸೆಲ್ ಕಟ್ಟಾಯಿತು, ಡ್ರೈವರನ ನಿದ್ದೆ ಹೋಯಿತು. ಒಂದು ತಾಲ್ಲೂಕಿನ ಮಾಲೀಕರೆಲ್ಲ ಕೂಡಿ ಕೂತು ಮಿತಿ ಮೀರಿ ಹೊರುವುದಿಲ್ಲ ಎಂದು ಒಂದು ಹಂಗಾಮು ಗಟ್ಟಿ ನಿಂತರೆ ಬಾಡಿಗೆ ತಾನಾಗಿ ಏರುತ್ತದೆ. ಈ ಮಾತನ್ನು ಅವರ ಸಭೆಯಲ್ಲೂ ಹೇಳಲು ನಾನು ಸಿದ್ಧ.

ಅಲ್ಲಿಯವರೆಗೆ ನಿನ್ನ ಕೈಯಲ್ಲಿರುವುದು ಕಾನೂನು. ಮಾಲೀಕ ಒತ್ತಾಯ ಮಾಡಿದರೆ ಜಗಳ ಬೇಡ, ಸಮಾಧಾನದಿಂದ ಹೇಳು: "ಸಾವುಕಾರ್ರ, ಇದು ನನಗಷ್ಟ ಅಲ್ಲ, ನಿಮಗೂ ಬರ್ತೈತಿ." ನಿಜವಾಗಿಯೂ ಬರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 113ನೇ ಕಲಂ ಮಿತಿ ಮೀರಿ ಗಾಡಿ ಓಡಿಸುವವನನ್ನು ಹಿಡಿಯುವಂತೆ, ಓಡಿಸುವಂತೆ ಮಾಡುವವನನ್ನೂ ಓಡಿಸಲು ಬಿಡುವವನನ್ನೂ ಹಿಡಿಯುತ್ತದೆ. ಡ್ರೈವರ್ ಬೇರೆ, ಮಾಲೀಕ ಬೇರೆ ಆಗಿದ್ದರೆ, ಮಾಲೀಕನಿಗೆ ಗೊತ್ತಿದ್ದೇ ಅಥವಾ ಅವನ ಅಪ್ಪಣೆಯಿಂದಲೇ ಇದು ನಡೆದಿದೆ ಎಂದು ಕೋರ್ಟು ಭಾವಿಸಬಹುದು ಎಂದು ಅದೇ ಕಲಂ ಹೇಳುತ್ತದೆ. 2019ರ ತಿದ್ದುಪಡಿಯ ನಂತರ 194ನೇ ಕಲಂ ಪ್ರಕಾರ ದಂಡ 20,000 ರೂಪಾಯಿ, ಅದರ ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ 2,000. ಹತ್ತು ಟನ್ ಹೆಚ್ಚಿದ್ದರೆ 40,000 ಆಯಿತು. ಮಾಲು ಇಳಿಸುವ ಖರ್ಚು ಬೇರೆ. ಬಾಡಿಯ ಆಚೀಚೆ, ಹಿಂದೆ ಮುಂದೆ, ಎತ್ತರಕ್ಕೆ ಮಿತಿ ದಾಟಿ ಮಾಲು ಚಾಚಿದ್ದರೆ ಅದಕ್ಕೂ 20,000. ಒಂದು ಟ್ರಿಪ್ಪಿನ ಹೆಚ್ಚಿನ ಬಾಡಿಗೆಯನ್ನು ಇದರ ಮುಂದಿಟ್ಟು ಮಾಲೀಕನಿಗೇ ಲೆಕ್ಕ ಮಾಡಲು ಹೇಳು.

ದಂಡ ಕಟ್ಟಿದರೆ ಮುಗಿಯಿತು, ರಸೀದಿ ತೋರಿಸಿ ಮುಂದೆ ಹೋಗಬಹುದು ಎಂಬ ತಪ್ಪು ತಿಳಿವಳಿಕೆ ನಮ್ಮ ಕಸುಬಿನಲ್ಲಿ ಬಹಳ ಹಳೆಯದು. ಹೋಗುವಂತಿಲ್ಲ. ಹೆಚ್ಚಿನ ಮಾಲು ಇಳಿಸದೆ ಗಾಡಿ ಮುಂದೆ ಬಿಡಬಾರದು ಎಂದು ಸುಪ್ರೀಂ ಕೋರ್ಟು 2005ರ ನವೆಂಬರ್‌ನಲ್ಲೇ ಪರಮ್‌ಜಿತ್ ಭಾಸಿನ್ ಪ್ರಕರಣದಲ್ಲಿ ಹೇಳಿತು. ಈಗ ಕಾಯ್ದೆಯಲ್ಲೂ ಅದೇ ಇದೆ. ಇನ್ನು ನಿನಗೆ ನೇರವಾಗಿ ತಟ್ಟುವ ಸಂಗತಿ: ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ 2015ರಲ್ಲಿ ಕೊಟ್ಟ ಸೂಚನೆಯಂತೆ ಓವರ್‌ಲೋಡ್‌ಗೆ ಲೈಸೆನ್ಸನ್ನು ಕನಿಷ್ಠ ಮೂರು ತಿಂಗಳು ಅಮಾನತು ಮಾಡಬೇಕು. ಮಾಲೀಕನಿಗೆ ಇನ್ನೊಬ್ಬ ಡ್ರೈವರ್ ಸಿಗುತ್ತಾನೆ. ನಿನ್ನ ಮನೆಯ ಒಲೆ ಆ ಮೂರು ತಿಂಗಳು ಹೇಗೆ ಉರಿಯುತ್ತದೆ?

ತೂಕ ಪರೀಕ್ಷೆಗೆ ಕೈ ಅಡ್ಡ ಹಾಕಿದರೆ ನಿಲ್ಲಿಸು. ಅಧಿಕಾರಿಗೆ ಸಂಶಯ ಬಂದರೆ ಗಾಡಿಯನ್ನು ಕಾಟಾಕ್ಕೆ ಒಯ್ಯಲು ಹೇಳಬಹುದು, ನೀನು ಹೋಗುವ ದಾರಿಯಿಂದ ಹತ್ತು ಕಿಲೋಮೀಟರ್ ಒಳಗೆ ಇರುವ ಕಾಟಾಕ್ಕೆ. ಹೆಚ್ಚಿದ್ದರೆ ಬರವಣಿಗೆಯಲ್ಲಿ ಆದೇಶ ಕೊಟ್ಟು ಇಳಿಸಲು ಹೇಳಬಹುದು. ಇಳಿಸಿದ ಮಾಲಿನ ಜವಾಬ್ದಾರಿ ನಮ್ಮದೇ. ತೂಕಕ್ಕೆ ಒಪ್ಪದೆ ಗಾಡಿ ಓಡಿಸಿಕೊಂಡು ಹೋದರೆ ದಂಡ 40,000. ಆದರೂ ಕೆಲವು ಹುಡುಗರು ಹೆದ್ದಾರಿಯಲ್ಲಿ ತಪಾಸಣೆ ಇದೆ ಎಂದು ಫೋನ್ ಬಂದ ಕೂಡಲೇ ಒಳದಾರಿ ಹಿಡಿಯುತ್ತಾರೆ. ಅದರಷ್ಟು ಕೆಟ್ಟ ಕೆಲಸ ಇನ್ನೊಂದಿಲ್ಲ. ಒಳದಾರಿ ಅಂದರೆ ಊರಿನ ಶಾಲೆಯ ಮುಂದೆ, ಗುಡಿಯ ಮುಂದೆ, ಕುರಿ ಮರಿ ದಾಟುವ ತಿರುವಿನಲ್ಲಿ ಹೋಗುವ ದಾರಿ. ಸಣ್ಣ ಮೋರಿಗಳು, ತೆಳು ಡಾಂಬರು. 1958ರಿಂದ 1960ರವರೆಗೆ ಅಮೆರಿಕದಲ್ಲಿ ರಸ್ತೆಯ ಮೇಲೆ ಲಾರಿ ಓಡಿಸಿ ಓಡಿಸಿ ದೊಡ್ಡದೊಂದು ಪರೀಕ್ಷೆ ಮಾಡಿದರು. ಒಂದು ಎಕ್ಸೆಲ್ ಮೇಲಿನ ಭಾರ ಒಂದೂವರೆ ಪಟ್ಟಾದರೆ ರಸ್ತೆಗೆ ಆಗುವ ಹಾನಿ ಸುಮಾರು ಐದು ಪಟ್ಟು, ಎರಡು ಪಟ್ಟಾದರೆ ಹದಿನಾರು ಪಟ್ಟು ಎಂದು ತಿಳಿಯಿತು. ಇಂದಿಗೂ ಎಂಜಿನಿಯರುಗಳು ರಸ್ತೆ ಲೆಕ್ಕ ಹಾಕುವುದು ಅದರ ಮೇಲೆಯೇ. ಊರವರು ವರ್ಷಗಟ್ಟಲೆ ಅರ್ಜಿ ಕೊಟ್ಟು ಮಾಡಿಸಿಕೊಂಡ ರಸ್ತೆಯನ್ನು ನಾವು ಒಂದು ಹಂಗಾಮಿನಲ್ಲಿ ಕಿತ್ತು ಹಾಕಿದರೆ, ಆ ತಗ್ಗಿಗೆ ಬೀಳುವವರು ಬೈಕಿನ ಮೇಲೆ ಮಕ್ಕಳನ್ನು ಶಾಲೆಗೆ ಬಿಡಲು ಹೊರಟವರು.

ನಿನ್ನ ಗೆಳೆಯರಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವವರಿದ್ದಾರೆ, ಅವರಿಗೂ ಮುಟ್ಟಿಸು. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್ ಕಟ್ಟಿ, ಎರಡರ ಮೇಲೂ ಎತ್ತರಕ್ಕೆ ಕಬ್ಬು ಹೇರಿ, ದೊಡ್ಡ ಸ್ಪೀಕರ್ ಹಚ್ಚಿಕೊಂಡು ಹೋಗುತ್ತಾರೆ. ಹಿಂದಿನಿಂದ ಹಾರ್ನ್ ಹೊಡೆದರೆ ಕೇಳುವುದಿಲ್ಲ. ಟ್ರೇಲರಿಗೆ ಸರಿಯಾದ ಬ್ರೇಕ್ ಇಲ್ಲದಿದ್ದರೆ ಇಳಿಜಾರಿನಲ್ಲಿ ಹಿಂದಿನ ಭಾರ ಟ್ರ್ಯಾಕ್ಟರನ್ನು ದೂಡುತ್ತದೆ. ರಾತ್ರಿ ಎಕ್ಸೆಲ್ ಕಟ್ಟಾಗಿ ನಡುರಸ್ತೆಯಲ್ಲಿ ನಿಂತ ಟ್ರೇಲರಿಗೆ ಹಿಂದೆ ಕೆಂಪು ದೀಪವಿಲ್ಲ, ರಿಫ್ಲೆಕ್ಟರ್ ಇಲ್ಲ, ಕಬ್ಬಿನ ಸೋಗೆ ಕೆಳಗಿನವರೆಗೆ ಇಳಿಬಿದ್ದು ಇದ್ದದ್ದನ್ನೂ ಮುಚ್ಚಿರುತ್ತದೆ. ಎಂಬತ್ತರ ವೇಗದಲ್ಲಿ ಬರುವ ಕಾರಿಗೆ ಅದು ಕಾಣುವುದು ಕೊನೆಯ ಗಳಿಗೆಗೆ. ಕೆಂಪು ರಿಫ್ಲೆಕ್ಟರ್ ಪಟ್ಟಿಗೆ ಆಗುವ ಖರ್ಚು ಎಷ್ಟು ಮಹಾ! ಇನ್ನೊಂದು ಕೆಟ್ಟ ರೂಢಿಯಿದೆ. ಕೆಟ್ಟು ನಿಂತ ಗಾಡಿಯ ಸುತ್ತ ದಪ್ಪ ಕಲ್ಲು ಇಡುತ್ತೇವೆ, ರಿಪೇರಿ ಆದ ಮೇಲೆ ಗಾಡಿ ಹೋಗುತ್ತದೆ, ಕಲ್ಲು ಅಲ್ಲೇ ಇರುತ್ತದೆ. ಆ ರಾತ್ರಿ ಬೈಕಿನವನು ಯಾವನೋ ಅದಕ್ಕೆ ಹಾಯುತ್ತಾನೆ. ಕಲ್ಲು ಇಟ್ಟವನೇ ಎತ್ತಿ ಬದಿಗೆ ಹಾಕಿ ಹೋಗಬೇಕು.

ಮಾಲಿನ ಗಾಡಿಯಲ್ಲಿ ಜನ ಹೇರುವುದೂ ಓವರ್‌ಲೋಡೇ. ದ್ರಾಕ್ಷಿ ಕೆಲಸಕ್ಕೆ, ಕಬ್ಬು ಕಡಿಯಲಿಕ್ಕೆ ಹೆಣ್ಣುಮಕ್ಕಳನ್ನು ಪಿಕಪ್ಪಿನಲ್ಲಿ ನಿಲ್ಲಿಸಿಕೊಂಡು ಹೋಗುವುದನ್ನು ಟಿಕೋಟಾ ದಾರಿಯಲ್ಲಿ ದಿನವೂ ಕಾಣುತ್ತೇವೆ. 2025ರ ಜನವರಿ 22ರಂದು ಸವಣೂರಿನ ತರಕಾರಿ ವ್ಯಾಪಾರಿಗಳು ಕುಮಟಾ ಸಂತೆಗೆಂದು ಮಾಲು ತುಂಬಿದ ಲಾರಿಯಲ್ಲೇ ಕೂತು ಹೊರಟಿದ್ದರು. ಯಲ್ಲಾಪುರ ತಾಲ್ಲೂಕಿನಲ್ಲಿ ನಸುಕಿನ ವೇಳೆ ಲಾರಿ ಪಲ್ಟಿಯಾಗಿ ಹತ್ತು ಜನ ಸತ್ತರು. ಬೆಳಗ್ಗೆ ಸಂತೆಯಲ್ಲಿ ಕೂಗಿ ಮಾರಬೇಕಾದವರು ತಮ್ಮದೇ ಮಾಲಿನ ಕೆಳಗೆ ಸಿಕ್ಕರು. "ಅಣ್ಣಾ, ನಾಕ ಮಂದಿ ಅಷ್ಟ, ಹತ್ತಸ್ಕೋ" ಎಂದು ಯಾರೇ ಕೇಳಲಿ, ಪರಿಚಯದವರೇ ಇರಲಿ, ಕೈ ಮುಗಿದು ಬೇಡ ಎನ್ನು. ಮಾಲಿನ ಗಾಡಿಯಲ್ಲಿ ಹಾಗೆ ಸುಮ್ಮನೆ ಹತ್ತಿದವರಿಗೆ ವಿಮೆಯ ಆಸರೆಯೂ ಇರುವುದಿಲ್ಲ.

ಇಷ್ಟೆಲ್ಲ ನೋಡಿಕೊಂಡರೂ ಅಪಘಾತ ಆಗಬಹುದು. ರಸ್ತೆ ನಿನ್ನೊಬ್ಬನದಲ್ಲ. ಆಗ ಏನು ಮಾಡುತ್ತೀ ಎಂಬುದನ್ನು ಇವತ್ತೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೋ, ಏಕೆಂದರೆ ಆ ಹೊತ್ತಿಗೆ ಕೈಕಾಲು ನಡುಗುತ್ತಿರುತ್ತವೆ, ಓಡು ಎಂದು ಕ್ಲೀನರ್ ಕೂಗುತ್ತಾನೆ. ಓಡಬೇಡ. ಕಾಯ್ದೆಯ 134ನೇ ಕಲಂ ಪ್ರಕಾರ ಗಾಯಗೊಂಡವರನ್ನು ಆಸ್ಪತ್ರೆಗೆ ಮುಟ್ಟಿಸಲು ಸಾಧ್ಯವಿದ್ದದ್ದನ್ನೆಲ್ಲ ಮಾಡುವುದು ಡ್ರೈವರನ ಕರ್ತವ್ಯ. 108ಕ್ಕೆ ಫೋನ್ ಮಾಡು, 112ಕ್ಕೆ ಮಾಡು. ಜನ ಸೇರಿ ಹೊಡೆಯಲು ಬಂದರೆ? ಆ ಅಂಜಿಕೆ ನಿಜವಾದದ್ದು, ಕಾನೂನಿಗೂ ಅದು ಗೊತ್ತಿದೆ. ಗುಂಪಿನ ಸಿಟ್ಟಿನಿಂದಾಗಿ ಅಲ್ಲಿ ನಿಲ್ಲಲು ಆಗದಿದ್ದರೆ ಅದಕ್ಕೆ ವಿನಾಯಿತಿ ಇದೆ. ಆಗ ನೇರ ಹತ್ತಿರದ ಪೊಲೀಸ್ ಠಾಣೆಗೆ ಹೋಗು, ನಡೆದದ್ದನ್ನು ಹೇಳು. ಹೆಚ್ಚೆಂದರೆ 24 ಗಂಟೆಯೊಳಗೆ ಠಾಣೆಗೆ ತಿಳಿಸಲೇಬೇಕು, ವಿಮಾ ಕಂಪನಿಗೂ ತಿಳಿಸಬೇಕು. ಜೀವ ಉಳಿಸಿಕೊಳ್ಳಲು ಠಾಣೆಗೆ ಹೋಗುವುದು ಬೇರೆ, ನಂಬರ್ ಪ್ಲೇಟಿಗೆ ಮಣ್ಣು ಮೆತ್ತಿ ಮಹಾರಾಷ್ಟ್ರದ ಗಡಿ ದಾಟುವುದು ಬೇರೆ.

ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಬಗ್ಗೆ ನೀನು ಕೇಳಿರಬೇಕು. ನಿರ್ಲಕ್ಷ್ಯದಿಂದ ಸಾವಾದರೆ ಐದು ವರ್ಷದವರೆಗೆ ಜೈಲು, ಮೊದಲು ಎರಡು ವರ್ಷ ಇತ್ತು. ತಿಳಿಸದೆ ಓಡಿಹೋದರೆ ಹತ್ತು ವರ್ಷ ಎಂಬ ಉಪಕಲಂ ವಿರುದ್ಧ 2024ರ ಜನವರಿಯಲ್ಲಿ ದೇಶದ ತುಂಬ ಡ್ರೈವರ್‌ಗಳು ಗಾಡಿ ನಿಲ್ಲಿಸಿದರು. ಜುಲೈ 1ಕ್ಕೆ ಸಂಹಿತೆ ಜಾರಿಗೆ ಬಂದಾಗ ಆ ಒಂದು ಉಪಕಲಂ ಮಾತ್ರ ತಡೆಹಿಡಿದರು. ಡ್ರೈವರನ ಮೇಲೇ ಎಲ್ಲ ಹೊರಿಸುತ್ತಾರೆ ಎಂಬ ನಮ್ಮವರ ದೂರಿನಲ್ಲಿ ಸತ್ಯವಿತ್ತು, ನಾನೂ ಒಪ್ಪುತ್ತೇನೆ. ಆದರೆ ರಸ್ತೆಯಲ್ಲಿ ಬಿದ್ದವನು ಬದುಕುವುದು ಮೊದಲ ಒಂದು ಗಂಟೆಯ ಮೇಲೆ ನಿಂತಿದೆ. ಆ ಗಂಟೆಯಲ್ಲಿ ಅವನ ಹತ್ತಿರ ಇರುವವನು ನೀನೊಬ್ಬನೇ ಆಗಿರಬಹುದು. ದುಡ್ಡಿನ ಚಿಂತೆ ಆಸ್ಪತ್ರೆಗೆ ಅಡ್ಡ ಬರಬಾರದೆಂದು 2025ರ ಮೇ ತಿಂಗಳಲ್ಲಿ ನಗದುರಹಿತ ಚಿಕಿತ್ಸೆಯ ಯೋಜನೆಯೂ ಬಂದಿದೆ. ಗಾಯಾಳುವಿಗೆ ಒಂದೂವರೆ ಲಕ್ಷ ರೂಪಾಯಿವರೆಗೆ, ಏಳು ದಿನದವರೆಗೆ. ಇದನ್ನು ನೆನಪಿಟ್ಟುಕೊಂಡು ಆಸ್ಪತ್ರೆಯಲ್ಲಿ ಹೇಳು.

ಆಮೇಲೆ ಪ್ರಶ್ನೆಗಳು ಬರುತ್ತವೆ. ಲೈಸೆನ್ಸ್ ಇತ್ತೇ, ಕುಡಿದಿದ್ದನೇ, ಎಷ್ಟು ತಾಸು ನಿದ್ದೆಯಿಲ್ಲದೆ ಹೊಡೆದಿದ್ದ, ಲೋಡ್ ಎಷ್ಟಿತ್ತು. ವಿಮೆಯ ಕ್ಲೇಮ್ ಅರ್ಜಿಯಲ್ಲೂ ಲೋಡಿನ ತೂಕ ಕೇಳುತ್ತಾರೆ. ಮಿತಿಯೊಳಗಿನ ಕಾಟಾ ಚೀಟಿ ನಿನ್ನ ಜೇಬಿನಲ್ಲಿದ್ದರೆ ಪೊಲೀಸರ ಮುಂದೆ, ಕೋರ್ಟಿನ ಮುಂದೆ ನಿನ್ನ ಪರವಾಗಿ ಮಾತಾಡುವ ಕಾಗದ ಅದೊಂದೇ ಇರಬಹುದು. ಪ್ರತಿ ಟ್ರಿಪ್ಪಿನ ಚೀಟಿಯ ಫೋಟೊ ಮೊಬೈಲಿನಲ್ಲಿ ಇಟ್ಟುಕೋ. ಬಾಡಿಗೆ ಕೊಡುವಾಗ ಚೀಟಿ ಮಾಲೀಕ ಇಟ್ಟುಕೊಳ್ಳುತ್ತಾನೆ, ಫೋಟೊ ನಿನ್ನದಾಗಿ ಉಳಿಯುತ್ತದೆ.

ನಿನಗೆ ಹೇಳುವುದು ಇಷ್ಟು. ಇದನ್ನು ಓದುವ ದೊಡ್ಡವರಿಗೂ ಒಂದು ವಿನಂತಿ ಇದೆ. ಸಕ್ಕರೆ ಕಾರ್ಖಾನೆಗಳ ಆಡಳಿತದವರೇ, ಎಪಿಎಂಸಿಯವರೇ, ಖಡಿ ಮಷಿನ್ ಮಾಲೀಕರೇ, ಖಾಸಗಿ ಕಾಟಾ ಇಟ್ಟುಕೊಂಡವರೇ, ನೀವು ಕೊಡುವ ಚೀಟಿಯಲ್ಲಿ ಒಟ್ಟು ತೂಕದ ಪಕ್ಕದಲ್ಲೇ ಆ ಗಾಡಿಯ ಆರ್‌ಸಿಯಲ್ಲಿರುವ ಮಿತಿಯನ್ನೂ ಮುದ್ರಿಸಿರಿ. ಗಾಡಿ ನಂಬರ್ ನಿಮ್ಮ ಕಂಪ್ಯೂಟರಿನಲ್ಲಿ ಇದ್ದೇ ಇದೆ, ಮಿತಿ ಆರ್‌ಸಿಯಲ್ಲಿದೆ, ಗಾಡಿಯ ಬದಿಗೂ ಬರೆದಿರುತ್ತದೆ. ಒಂದು ಸಲ ತುಂಬಿಕೊಂಡರೆ ಸಾಕು, ಮುಂದಿನ ಪ್ರತಿ ಚೀಟಿಯಲ್ಲೂ ತಾನಾಗಿ ಬರುತ್ತದೆ. ಮಿತಿ ಮೀರಿದ ಗಾಡಿಗೆ ಗೇಟ್ ಪಾಸ್ ಕೊಡಬೇಡಿರಿ. ಜಿಲ್ಲಾಡಳಿತವೂ ಸಾರಿಗೆ ಇಲಾಖೆಯೂ ಇದನ್ನು ಮುಂದಿನ ಕಬ್ಬಿನ ಹಂಗಾಮಿಗೆ ಮೊದಲೇ, ವಿಜಯಪುರ, ಟಿಕೋಟಾ, ಬಬಲೇಶ್ವರದ ಎಲ್ಲ ಕಾಟಾಗಳಲ್ಲಿ ಕಡ್ಡಾಯ ಮಾಡಬೇಕು.